ಸಂಪಾದಕರ ಉತ್ತರ: ಕಡಲೆದುರಿನ ಮನೆಗೆ ನೀರು ಎಲ್ಲಿಂದ?

ಓದುಗರ ಪತ್ರ:

ಮಾನ್ಯ ಸಂಪಾದಕರೇ,

ನಾನು ಬ್ಯಾಂಕ್ ಸೇವೆಯಿಂದ ನಿವೃತ್ತನಾದವನು. ಒಬ್ಬಳೇ ಮಗಳು ಚೆನ್ನೈಯಲ್ಲಿ ಕೆಲಸದಲ್ಲಿದ್ದಾಳೆ. ಮೊಮ್ಮಗ ಹುಟ್ಟಿದ ಮೇಲೆ ‘ನೀವೂ ಇಲ್ಲಿಗೇ ಬಂದುಬಿಡಿ’ ಎನ್ನುತ್ತಿದ್ದಾಳೆ. ಎರಡು ಬಾಡಿಗೆ ಮನೆ ನೋಡಿದ್ದೇವೆ. ಒಂದು ಪೂರ್ವ ಕರಾವಳಿ ರಸ್ತೆಯ ನೀಲಾಂಕರೈಯಲ್ಲಿ ಆರನೆಯ ಮಹಡಿ. ಬಾಲ್ಕನಿಗೆ ಬಂದರೆ ಸಮುದ್ರ. ಇನ್ನೊಂದು ನಂಗನಲ್ಲೂರಿನಲ್ಲಿ ಹಳೆಯ ಮನೆಯೊಂದರ ಮೊದಲ ಮಹಡಿ (ಹಿತ್ತಿಲಿನಲ್ಲಿ ಬಾವಿ ಇದೆಯಂತೆ). ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ನನ್ನ ಮನೆಯವರಿಗೆ ಸಮುದ್ರದ ಆಸೆ, ನನಗೂ ಇಲ್ಲವೆನ್ನಲಾರೆ. ಚೆನ್ನೈಯ ಬಿಸಿಲು ತಡೆಯಲಾದೀತೆ? ತಮಿಳು ಬಾರದವರ ಬದುಕು ನಡೆದೀತೆ? ಕಾವೇರಿ ಗಲಾಟೆಯ ಸಮಯದಲ್ಲಿ ಕನ್ನಡಿಗರಿಗೆ ತೊಂದರೆಯೇ? ತಮ್ಮ ಪತ್ರಿಕೆ ಅಲ್ಲಿಗೂ ಬರುತ್ತದೆಯೇ?

– ಓದುಗ, ಶಿವಮೊಗ್ಗ

ಉತ್ತರ:

ಹೆಸರು ಪ್ರಕಟಿಸಬೇಡಿ ಎಂದಿದ್ದೀರಿ, ಪ್ರಕಟಿಸಿಲ್ಲ. ಪತ್ರವನ್ನು ಸ್ವಲ್ಪ ಮೊಟಕು ಮಾಡಿದ್ದೇನೆ. ಸೂರ್ಯೋದಯದ ವರ್ಣನೆಯ ಒಂದಿಡೀ ಪುಟ ಬಿಟ್ಟುಹೋಗಿದೆ, ಕ್ಷಮಿಸಿ. ಚೆನ್ನಾಗಿಯೇ ಬರೆದಿದ್ದಿರಿ. ಆದರೆ ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ಸಮುದ್ರಕ್ಕೆ ಒಂದು ಪುಟ ಕೊಟ್ಟ ತಾವು ಬಾವಿಯನ್ನು ಕಂಸದೊಳಗೆ ಹಾಕಿ, ಮೇಲೊಂದು ‘ಅಂತೆ’ ಸೇರಿಸಿದ್ದೀರಿ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವಾಗ ಹೀಗೆ ಮಾಡುತ್ತಿದ್ದಿರಾ? ಮುಖ್ಯವಾದ ಆಸ್ತಿಯನ್ನು ‘ಇದೆಯಂತೆ’ ಎಂದು ಬರೆದವನ ಅರ್ಜಿಯನ್ನು ಹಿಂದಕ್ಕೆ ಕಳಿಸುತ್ತಿರಲಿಲ್ಲವೇ?

ಸಮುದ್ರದ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಚೆನ್ನೈಯ ಬೇಸಗೆಯಲ್ಲಿ ಬೆಳಗ್ಗೆಯಿಂದ ಒಳನಾಡಿನ ಬಿಸಿಗಾಳಿ ಬೀಸುತ್ತಿರುತ್ತದೆ. ನಡುಹಗಲಿನ ಹೊತ್ತಿಗೆ ಕಡಲಗಾಳಿ ಎದ್ದು ಅದನ್ನು ಹಿಂದಕ್ಕೆ ತಳ್ಳುತ್ತದೆ. ನೀಲಾಂಕರೈ, ತಿರುವಾನ್ಮಿಯೂರುಗಳಿಗೆ ಈ ಗಾಳಿ ಮೊದಲು ತಲುಪುತ್ತದೆ, ಅಂಬತ್ತೂರು, ಆವಡಿಗಳಿಗೆ ತಡವಾಗಿ. ತಮಿಳರು ‘ಕತ್ತಿರಿ’ ಎಂದು ಕರೆಯುವ ಮೇ ತಿಂಗಳಿನ ಸುಡುಬಿಸಿಲಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಬೆಳಗಿನ ನಡಿಗೆಗೂ ಮರಳದಂಡೆ ಚೆಂದ. ಇಷ್ಟು ನಿಜ. ಆ ಗಾಳಿಯ ಜೊತೆಗೇ ಉಪ್ಪೂ ಬರುತ್ತದೆ; ಕಿಟಕಿಯ ಸರಳು, ಫ್ರಿಜ್ಜು, ಎ.ಸಿ., ಸ್ಕೂಟರು ಎಲ್ಲಕ್ಕೂ ತುಕ್ಕು. ಇನ್ನು ಆ ಸಮುದ್ರ ಈಜಾಡುವ ಸಮುದ್ರವಲ್ಲ. ಸೆಳೆತ ಜೋರು, ಮರೀನಾದಲ್ಲಿ ಪೊಲೀಸರು ನೀರಿಗಿಳಿಯಲು ಬಿಡುವುದಿಲ್ಲ. ಆರನೆಯ ಮಹಡಿಯಿಂದ ನೋಡುವುದಷ್ಟೇ.

ಈಗ ನೀರಿನ ಮಾತು.

ತುಂಗೆಯ ದಂಡೆಯವರು ತಾವು. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಕೇಳುತ್ತಲೇ ಬೆಳೆದವರು. ನಲ್ಲಿ ತಿರುಗಿಸಿದರೆ ನೀರು ಬರುವುದು ಪ್ರಕೃತಿನಿಯಮವೆಂದು ನಂಬಿರುವುದು ತಮ್ಮ ತಪ್ಪಲ್ಲ. ಆದರೆ ಚೆನ್ನೈಗೆ ಹೇಳಿಕೊಳ್ಳುವಂಥ ಜೀವನದಿಯಿಲ್ಲ. ಕೂವಂ ಮತ್ತು ಅಡ್ಯಾರು ನದಿಗಳು ಊರಿನ ಮಧ್ಯೆಯೇ ಹರಿದರೂ ಅವುಗಳ ನೀರನ್ನು ಯಾರೂ ಬಾಯಿಗೆ ಹಾಕಿಕೊಳ್ಳಲಾರರು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳು ಊರಿನ ಮುಖ್ಯ ಆಧಾರ. ನಾಲ್ಕೂ ತುಂಬಿದರೆ ಸುಮಾರು 11 ಟಿಎಂಸಿ. ನಮ್ಮ ಕೆಆರ್‌ಎಸ್ ಒಂದೇ 49 ಟಿಎಂಸಿ ಹಿಡಿಯುತ್ತದೆ. ಆ ನಾಲ್ಕು ತುಂಬುವುದಕ್ಕೆ ಮುಖ್ಯವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತವೇ ಗತಿ. ಅದು ಕೈಕೊಟ್ಟರೆ ಮುಂದಿನ ಬೇಸಗೆ ಏನಾಗುತ್ತದೆ ಎಂಬುದನ್ನು 2019 ತೋರಿಸಿತು. ಆ ಜೂನ್ ತಿಂಗಳಲ್ಲಿ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿಹೋದವು. ಹೋಟೆಲುಗಳು ಊಟದ ವೇಳೆ ಕಡಿತಗೊಳಿಸಿದವು, ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಜುಲೈ 12ರಂದು ಜೋಲಾರಪೇಟೆಯಿಂದ ಐವತ್ತು ವ್ಯಾಗನ್‌ಗಳ ರೈಲೊಂದು 25 ಲಕ್ಷ ಲೀಟರ್ ನೀರು ಹೊತ್ತು ಚೆನ್ನೈಯ ವಿಲ್ಲಿವಾಕ್ಕಂಗೆ ಹೋಯಿತು. ಬೆಂಗಳೂರಿನಿಂದ ಬೃಂದಾವನ, ಲಾಲ್‌ಬಾಗ್ ರೈಲು ಹತ್ತಿದವರು ಇದೇ ಜೋಲಾರಪೇಟೆಯಲ್ಲಿ ವಡೆ ಕೊಳ್ಳುತ್ತಾರೆ. ಆ ವ್ಯಾಗನ್‌ಗಳಲ್ಲಿದ್ದದ್ದು ಯಾವ ನೀರು ಗೊತ್ತೇ? ಕಾವೇರಿ ಕುಡಿಯುವ ನೀರಿನ ಯೋಜನೆಯದು.

ಮಾತು ಇಲ್ಲಿಗೆ ಬಂದದ್ದು ಒಳ್ಳೆಯದಾಯಿತು. ತಮ್ಮ ಕಾವೇರಿ ಭಯಕ್ಕೂ ಇದೇ ಉತ್ತರ. ಚೆನ್ನೈ ಕುಡಿಯುವುದು ಯಾರ ನೀರನ್ನು ಎಂದು ಕೇಳಿದರೆ ನಮ್ಮವರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. 2004ರಿಂದ ವೀರಾಣಂ ಕೆರೆಯ ನೀರು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಬಂದು ಆ ಊರನ್ನು ಸೇರುತ್ತಿದೆ. ವೀರಾಣಂ ತುಂಬುವುದು ಕೊಳ್ಳಿಡಂನಿಂದ, ಅಂದರೆ ಕಾವೇರಿಯ ಕವಲಿನಿಂದ. ಇನ್ನೊಂದು ತೆಲುಗು ಗಂಗಾ. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ಮೂರೂ ತಮ್ಮ ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿಎಂಸಿ ಬಿಟ್ಟುಕೊಟ್ಟು, ಮದರಾಸು ನೀರು ಕುಡಿಯಲಿ ಎಂದು ಒಪ್ಪಿದವು. ಆ ನೀರು ಶ್ರೀಶೈಲ ಜಲಾಶಯದಿಂದ ಹೊರಟು ಸೋಮಶಿಲಾ, ಕಂಡಲೇರು ದಾಟಿ, ಅಲ್ಲಿಂದ ಸುಮಾರು 177 ಕಿಲೋಮೀಟರ್ ಕಾಲುವೆಯಲ್ಲಿ ಹರಿದು ಪೂಂಡಿಗೆ ಬರುತ್ತದೆ. ಒಪ್ಪಂದದ ಪೂರ್ತಿ ನೀರು ಪ್ರತಿವರ್ಷ ಬರುವುದಿಲ್ಲ, ಅದು ಬೇರೆ ಕಥೆ. ನಾನು ಹೇಳಹೊರಟದ್ದು ಇಷ್ಟು: ತಮ್ಮ ಮನೆಯ ಹತ್ತಿರ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ, ತುಂಗಭದ್ರೆ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಆ ಕೃಷ್ಣೆ ಶ್ರೀಶೈಲದಲ್ಲಿ ನಿಲ್ಲುತ್ತಾಳೆ. ಮೊಮ್ಮಗನ ಬಾಟಲಿಗೆ ತುಂಬುವ ನೀರಿನಲ್ಲಿ ತುಂಗೆಯ ಪಾಲೂ ಇದ್ದೀತು. ಯಾವ ಮಾತಿಗೂ ಮುನ್ನ ಇದನ್ನು ಅವನ ಅಜ್ಜಿಗೆ ಓದಿ ಹೇಳಿ.

ಇಷ್ಟೆಲ್ಲ ಆದ ಮೇಲೂ ಗಲಾಟೆ ನಡೆಯುತ್ತದೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ತಮಿಳುನಾಡಿನ ಬಸ್ಸುಗಳು ಸಾಲಾಗಿ ಸುಟ್ಟುಹೋದವು. ಅಂಥ ದಿನಗಳಲ್ಲಿ ಗಡಿಯ ಎರಡೂ ಕಡೆ ಜಾಗ್ರತೆಯಿಂದ ಇರಬೇಕಾದದ್ದೇ. ಉಳಿದ ದಿನಗಳಲ್ಲಿ ಚೆನ್ನೈಗೆ ಕನ್ನಡಿಗರು ಹೊಸಬರಲ್ಲ. ಕಡಂದಲೆಯಿಂದ ಹೋದ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೋಟೆಲು ಆ ನಗರದ ಜನಕ್ಕೆ ಸ್ವಂತ ಹೋಟೆಲಿನಂತಾಗಿತ್ತು. 1962ರಿಂದ 2008ರವರೆಗೆ ನಡೆದ ಅವರ ಡ್ರೈವ್-ಇನ್ ಮುಚ್ಚಿದಾಗ ಕಣ್ಣೀರು ಹಾಕಿದವರು ತಮಿಳರೇ. ನಮ್ಮ ಸಿನಿಮಾಗಳೆಲ್ಲ ಒಂದು ಕಾಲದಲ್ಲಿ ಚೆನ್ನೈಯ ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದವು. ತಮಿಳು ಬಾರದೆ ನಡೆಯುವುದಿಲ್ಲ, ಕಲಿಯಿರಿ. ತರಕಾರಿಯವಳ ಹತ್ತಿರ ದಿನಾ ಜಗಳವಾಡಿದರೆ ಆರು ತಿಂಗಳಲ್ಲಿ ಬಂದುಬಿಡುತ್ತದೆ.

ಇನ್ನು ತಮ್ಮ ಎರಡು ಮನೆಗಳು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹಳೆಯ ಮಹಾಬಲಿಪುರಂ ರಸ್ತೆಯ, ಅಂದರೆ ಐಟಿ ಕಂಪನಿಗಳ ರಸ್ತೆಯ ಪಕ್ಕದಲ್ಲಿ ಒಂದು ಫ್ಲಾಟು ಕೊಂಡರು. ಈಜುಕೊಳವಿತ್ತು, ವ್ಯಾಯಾಮ ಶಾಲೆಯಿತ್ತು, ಹೊರಗಿನಿಂದ ಬರುವ ನೀರಿನ ಕೊಳವೆ ಇರಲಿಲ್ಲ. ಇಡೀ ಸಮುಚ್ಚಯ ಲಾರಿ ನೀರಿನ ಮೇಲೆ ನಿಂತಿತ್ತು. ಬೆಳಗಿನ ಜಾವ ಲಾರಿಗಳು ಹಿಂದಕ್ಕೆ ಬರುವ ಸದ್ದಿಗೇ ಅವರಿಗೆ ಎಚ್ಚರ. ನಿವಾಸಿಗಳ ಸಂಘದ ಸಭೆಯಲ್ಲಿ ಕೇಳಿಬರುತ್ತಿದ್ದದ್ದು ಒಂದೇ ವಿಷಯ: ಈ ತಿಂಗಳು ಎಷ್ಟು ಲೋಡು, ಯಾರ ಮನೆಯ ಬಟ್ಟೆ ಒಗೆಯುವ ಯಂತ್ರ ಎಷ್ಟು ಸಲ ತಿರುಗಿತು. ಬೇಸಗೆಯಲ್ಲಿ ನಾನು ಹೋಗಿ ಉಳಿದಾಗ ಸ್ನಾನಕ್ಕೆ ಒಂದು ಬಕೆಟ್ ಎಂದು ಆ ಮನೆಯ ಮಗು ಬಾಗಿಲ ಹೊರಗೆ ನಿಂತು ನೆನಪಿಸಿತು. ಕಿಟಕಿಯಿಂದ ದೂರದಲ್ಲಿ ಸಮುದ್ರ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಅದೇ ಸೀಮೆಗೆ ಮಳೆಗಾಲದಲ್ಲಿ ತದ್ವಿರುದ್ಧ ಸಂಕಟ. ಆ ರಸ್ತೆಗೂ ವೇಳಚೇರಿಗೂ ನಡುವೆ ಪಳ್ಳಿಕರಣೈ ಜವುಗು ಇದೆ. ಒಂದು ಕಾಲಕ್ಕೆ ಸುಮಾರು ಐವತ್ತು ಚದರ ಕಿಲೋಮೀಟರ್ ಹರಡಿದ್ದ, ದಕ್ಷಿಣ ಚೆನ್ನೈಯ ಮಳೆನೀರನ್ನೆಲ್ಲ ಹೀರಿಕೊಳ್ಳುತ್ತಿದ್ದ ಜಾಗ. ಅದರ ಮೇಲೆ ಮನೆ, ಕಚೇರಿ, ರಸ್ತೆ, ಊರಿನ ಕಸದ ಗುಡ್ಡ ಎಲ್ಲವೂ ಬಂದು ಉಳಿದದ್ದು ಒಂದು ಚೂರು. ಆ ಚೂರಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆ (ಜವುಗುಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ) ಸಿಕ್ಕಿತು. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡ್ಯಾರು ಉಕ್ಕಿ, ವಿಮಾನ ನಿಲ್ದಾಣವೇ ದಿನಗಟ್ಟಲೆ ಮುಚ್ಚಿದಾಗ, ಜನ ದೋಣಿಯಲ್ಲಿ ಮನೆ ಬಿಟ್ಟರು. ಮಹಡಿಗಳಲ್ಲಿ ಸಿಕ್ಕಿಕೊಂಡವರಿಗೆ ಸುತ್ತ ನೀರು, ಕುಡಿಯಲು ನೀರಿಲ್ಲ. ನಾಲ್ಕೇ ವರ್ಷಕ್ಕೆ ಅದೇ ಊರಿಗೆ ರೈಲಿನಲ್ಲಿ ನೀರು ಕಳಿಸಬೇಕಾಯಿತು. ಕೆರೆ, ಜವುಗುಗಳನ್ನು ಮುಚ್ಚಿಕೊಂಡ ಊರಿಗೆ ಈ ಎರಡೂ ಶಿಕ್ಷೆ ಒಟ್ಟೊಟ್ಟಿಗೇ ಸಿಗುತ್ತವೆ.

ಆದರೆ ಚೆನ್ನೈ ಕೈಕಟ್ಟಿ ಕೂತ ಊರಲ್ಲ, ನಾನು ಆ ಊರನ್ನು ಮೆಚ್ಚುವುದು ಈ ಕಾರಣಕ್ಕೆ. 2003ರಲ್ಲಿ ಪ್ರತಿ ಕಟ್ಟಡಕ್ಕೂ ಮಳೆನೀರು ಇಂಗಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿದರು. ಕಾನೂನನ್ನು ಕಾಗದದ ಮೇಲೆ ಬಿಡದೆ ಗಡುವು ಹಾಕಿ ಮಾಡಿಸಿದರು. ಒಳ್ಳೆಯ ಮಳೆ ಬಂದ ವರ್ಷಗಳಲ್ಲಿ ಬಾವಿಗಳ ನೀರು ಮೇಲೆ ಬಂತು. ಮಿಂಜೂರು ಮತ್ತು ನೆಮ್ಮೇಲಿಗಳಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕಗಳನ್ನು ಕಟ್ಟಿದರು, ದುಬಾರಿಯೆಂದು ಬಿಡಲಿಲ್ಲ. ಮೈಲಾಪುರದ ಹಳೆಯ ಬೀದಿಯೊಂದರಲ್ಲಿ ನನಗೆ ಪರಿಚಯದ ಒಬ್ಬ ವೃದ್ಧೆ ಇದ್ದಾರೆ. ಅಕ್ಟೋಬರ್ ಬರುವ ಮೊದಲು ಆಳು ಕರೆಸಿ ತಾರಸಿ ಗುಡಿಸಿಸಿ, ಇಂಗುಗುಂಡಿಯ ಜಲ್ಲಿ ತೊಳೆಸುವುದು ಅವರಿಗೆ ದೀಪಾವಳಿಯ ಎಣ್ಣೆಸ್ನಾನದಷ್ಟೇ ಕಡ್ಡಾಯ. 2019ರಲ್ಲೂ ಅವರ ಬಾವಿ ತಳ ಕಾಣಲಿಲ್ಲ. ಬೀದಿಯವರಿಗೆಲ್ಲ ಎರಡೆರಡು ಕೊಡ ಕೊಟ್ಟರು.

ಇತ್ತ ನಾವು? ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ಕಳೆದುಕೊಂಡ ಬೆಂಗಳೂರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ಕುಡಿಯುತ್ತಿದೆ. 2024ರ ಬೇಸಗೆಯಲ್ಲಿ ಇಲ್ಲಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧ ಬತ್ತಿವೆಯೆಂದು ಸರ್ಕಾರವೇ ಹೇಳಿತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದದ್ದೇ ತಡ, ಎಲ್ಲರೂ ಮರೆತರು. ಶಾಲೆಯಲ್ಲಿ ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ, ಸೇರುವುದು ಬಂಗಾಳಕೊಲ್ಲಿಯನ್ನು ಎಂದು ಮಕ್ಕಳ ಕೈಯಲ್ಲಿ ಬರೆಸುತ್ತೇವೆ. ನಿನ್ನ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಇಲ್ಲ. ಬಡಾವಣೆಯ ಜಾಹೀರಾತಿನಲ್ಲಿ ಮೆಟ್ರೋ ಎಷ್ಟು ದೂರ, ಮಾಲ್ ಎಷ್ಟು ದೂರ ಎಂದು ನಿಮಿಷಗಳ ಲೆಕ್ಕವಿರುತ್ತದೆ, ನೀರಿನ ಸಾಲು ಇರುವುದಿಲ್ಲ. ಇಂಥ ಜಾಹೀರಾತುಗಳು ನಮ್ಮ ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲೂ ಬರುತ್ತವೆ. ಈ ಉತ್ತರ ಅಚ್ಚಾದ ಮೇಲೆ ನಮ್ಮ ಜಾಹೀರಾತು ವ್ಯವಸ್ಥಾಪಕರು ನನ್ನೊಡನೆ ಮಾತಾಡುವುದು ಅನುಮಾನ.

ಆದ್ದರಿಂದ ಮುಂದಿನ ಸಲ ಚೆನ್ನೈಗೆ ಹೋದಾಗ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿ. ಮೆಟ್ರೋ ನೀರು (ಅಲ್ಲಿನ ಜಲಮಂಡಳಿಯ ನಲ್ಲಿನೀರು) ದಿನ ಬಿಟ್ಟು ದಿನವೋ, ವಾರಕ್ಕೊಮ್ಮೆಯೋ ಎಂದು ಮಾಲೀಕರನ್ನಲ್ಲ, ಕಾವಲುಗಾರನನ್ನೂ ಇಸ್ತ್ರಿಯವನನ್ನೂ ಕೇಳಿ. 2015ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಾಂಪೌಂಡು ಗೋಡೆ ಮುಟ್ಟಿ ತೋರಿಸಲು ಹೇಳಿ, ಹಳಬರು ಮರೆತಿರುವುದಿಲ್ಲ. ನೀಲಾಂಕರೈಯ ಕೊಳವೆಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿ. ಆ ದಂಡೆಯ ಮರಳಿನೊಳಗೆ ಒಳ್ಳೆಯ ಸಿಹಿನೀರು ಇತ್ತು, ಮಿತಿಮೀರಿ ಎತ್ತಿದ ಕಡೆಯೆಲ್ಲ ಉಪ್ಪು ಒಳಗೆ ಬಂದಿದೆ. ಸಿಹಿಯಿದ್ದು, ಮೆಟ್ರೋ ನೀರಿನ ಸಂಪರ್ಕವೂ ಇದ್ದರೆ ಧಾರಾಳವಾಗಿ ಸಮುದ್ರ ನೋಡುತ್ತ ಕುಳಿತುಕೊಳ್ಳಿ, ನನ್ನ ತಕರಾರಿಲ್ಲ. ನಂಗನಲ್ಲೂರಿನ ಮನೆಗೂ ಇದೇ ಪರೀಕ್ಷೆ: ಮೇ ತಿಂಗಳಲ್ಲಿ ಆ ಬಾವಿಗೆ ಹಗ್ಗ ಎಷ್ಟು ಬೇಕು ಎಂದು ತಿಳಿದುಕೊಳ್ಳಿ. ನೀರಿದ್ದರೆ ಎದುರಿನ ಗೋಡೆಗೆ ಹೊಂದಿಕೊಳ್ಳಬಹುದು. ಸಮುದ್ರಕ್ಕೆ ಭಾನುವಾರ ಸಂಜೆ ಹೋದರಾಯಿತು, ಬೆಸೆಂಟ್ ನಗರದ ದಂಡೆ ಅಲ್ಲಿಂದ ಬಹಳ ದೂರವಿಲ್ಲ. ಮನೆ ಬದಲಿಸುವುದಾದರೆ ಜನವರಿಯಲ್ಲಿ ಬದಲಿಸಿ. ಮಲೆನಾಡಿನ ದೇಹ ಆ ಬಿಸಿಲಿಗೆ ಮೆಲ್ಲಗೆ ಒಗ್ಗಬೇಕು, ಏಪ್ರಿಲಿನಲ್ಲಿ ಹೋಗಿ ಇಳಿದರೆ ತಮ್ಮ ಮನೆಯವರು ಮೊದಲ ವಾರವೇ ವಾಪಸು ರೈಲಿನ ಮಾತೆತ್ತುತ್ತಾರೆ.

ಪತ್ರಿಕೆ ಅಂಚೆಯಲ್ಲಿ ಚೆನ್ನೈಗೂ ಬರುತ್ತದೆ. ಹೊಸ ವಿಳಾಸವನ್ನು ಪಿನ್‌ಕೋಡ್ ಸಹಿತ ತಿಂಗಳ 20ರೊಳಗೆ ಚಂದಾ ವಿಭಾಗಕ್ಕೆ ಬರೆದು ತಿಳಿಸಿ. ಜೊತೆಗೆ ಯಾವ ಮನೆ ಹಿಡಿದಿರಿ, ನೀರು ಹೇಗಿದೆ ಎಂದು ನನಗೂ ಒಂದು ಸಾಲು.

– ಸಂ.