‘ಹೂಂ’ ಅನ್ನುವ ಮೊದಲು

ತಮ್ಮಾ,

ನಿನ್ನ ಸಂದೇಶ ನಮ್ಮ ಅತ್ತಿಗೆಯ ಮೊಬೈಲ್‌ನಿಂದ ಸುತ್ತಿ ಬಳಸಿ ಮೊನ್ನೆ ನನ್ನನ್ನು ತಲುಪಿತು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ, ದಾವಣಗೆರೆಯ ಪಿ.ಬಿ. ರಸ್ತೆಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಾಲ್ಕು ವರ್ಷ ದುಡಿದಿದ್ದೀಯ. ಈಗ ದುಬೈನಲ್ಲಿ ಯಾಟ್, ಅಂದರೆ ಸಿರಿವಂತರ ವಿಹಾರದ ಬೋಟ್, ಸರ್ವಿಸ್ ಮಾಡುವ ಕಂಪನಿಯೊಂದು ಕರೆದಿದೆ. ಕೇಳಿರುವುದು ನಾಲ್ಕು ಮಾತು. ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ, ಕೊಡಬಹುದೇ? ಕೈಯಲ್ಲಿ ಎಷ್ಟು ಉಳಿಯುತ್ತದೆ? ಈಜು ಅಷ್ಟಾಗಿ ಬಾರದಿದ್ದರೆ ನಡೆಯುತ್ತದೆಯೇ? ಕೊನೆಯದು, ‘ಬೋಟನ್ನು ನೀರಿಗಿಳಿಸಿ ಟೆಸ್ಟ್ ಮಾಡುವ ದಿನ ನಿಜಕ್ಕೂ ಏನು ಮಾಡುತ್ತೀರಿ ಅಣ್ಣಾ?’

ಮೊದಲ ಮೂರನ್ನು ಬೇಗ ಮುಗಿಸುತ್ತೇನೆ. ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರಿದೆಯೇ ನೋಡು. ‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಾಯಿಸೋಣ’ ಎಂದರೆ ಕುಡಿಯುತ್ತಿರುವ ಚಹಾವನ್ನು ಅಲ್ಲೇ ಇಟ್ಟು ಎದ್ದು ಬಾ. ಸಂಬಳದ ಪತ್ರದಲ್ಲಿ ಒಟ್ಟು ಮೊತ್ತ ನೋಡಿ ಹಿಗ್ಗಬೇಡ, ಮೂಲ ವೇತನ ಎಷ್ಟೆಂದು ನೋಡು. ಬಿಟ್ಟು ಬರುವಾಗ ಕೊಡುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆಯೇ ಲೆಕ್ಕ ಹಾಕುತ್ತಾರೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳದಂತೆ. ಪಾಸ್‌ಪೋರ್ಟ್ ನಿನ್ನ ಪೆಟ್ಟಿಗೆಯಲ್ಲೇ ಇರಲಿ. ಎಷ್ಟು ಉಳಿಯುತ್ತದೆ ಎಂಬುದು ನಿನ್ನ ನಾಲಿಗೆಗೆ ಬಿಟ್ಟದ್ದು. ಅಡುಗೆ ಬರುತ್ತದೆ ತಾನೆ?

ಈಜಿನ ವಿಷಯ. ನಾನು ಕಲಿತದ್ದು ಹಿರಿಯೂರಿನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆ ಬಾವಿಯಲ್ಲಿ ಈಗ ಜಾಲಿ ಬೆಳೆದಿದೆ. ಇಲ್ಲಿ ಲೈಫ್ ಜಾಕೆಟ್ ಕೊಡುತ್ತಾರೆ, ಆದರೂ ಬರುವ ಮೊದಲು ಸರಿಯಾಗಿ ಕಲಿತುಕೋ. ಈಜಿಗಿಂತ ದೊಡ್ಡ ತೊಂದರೆ ವಾಂತಿ. ಅಲೆಯ ಮೇಲೆ ಬೋಟ್ ಓಲಾಡುವಾಗ ಡೀಸೆಲ್ ವಾಸನೆಯ ಎಂಜಿನ್ ಕೋಣೆಯಲ್ಲಿ ಬಗ್ಗಿ ಕುಳಿತರೆ ಎಂಥ ಗಟ್ಟಿಗನ ಹೊಟ್ಟೆಯೂ ಮಗುಚುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ನನಗೆ ಗುಣ ಕಂಡದ್ದು ಜೇಬಿನಲ್ಲಿ ಒಂದು ಹಿಡಿ ಒಣ ಮಂಡಕ್ಕಿ. ನಮ್ಮ ಫಿಲಿಪೀನ್ಸ್ ಹುಡುಗರೂ ಈಗ ಅದನ್ನೇ ಕೇಳಿ ಪಡೆಯುತ್ತಾರೆ. ದಾವಣಗೆರೆಯಿಂದ ಬರುವವನು ನೀನು, ಎರಡು ಕಿಲೋ ಹೆಚ್ಚಾಗಿಯೇ ತಾ.

ಇನ್ನು ಟೆಸ್ಟ್ ದಿನ. ಸೀ ಟ್ರಯಲ್ ಎನ್ನುತ್ತೇವೆ. ಬೇಸಿಗೆಯಲ್ಲಿ ಬೋಟ್‌ಗಳನ್ನು ನೀರಿನಿಂದ ಎತ್ತಿ ಯಾರ್ಡಿಗೆ ತರುತ್ತೇವೆ. ಬಿಸಿನೀರಿನಂಥ ಈ ಸಮುದ್ರದಲ್ಲಿ ಓಡದೆ ನಿಂತ ಬೋಟಿನ ತಳಕ್ಕೆ ಸುಣ್ಣದ ಚಿಪ್ಪಿನ ಜೀವಿಗಳು ಕಚ್ಚಿ ಬೆಳೆಯುತ್ತವೆ. ಅವನ್ನು ಕೆರೆದು, ಬಣ್ಣ ಹೊಡೆದು, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಬಿಚ್ಚಿ ಬೇರಿಂಗ್ ಬದಲಿಸಿ, ಸೆಪ್ಟೆಂಬರ್ ಹೊತ್ತಿಗೆ ಒಂದೊಂದಾಗಿ ಇಳಿಸುತ್ತೇವೆ. ಅಕ್ಟೋಬರ್‌ನಲ್ಲಿ ಸೆಕೆ ಇಳಿಯುತ್ತದೆ, ಮಾಲೀಕರಿಗೆ ಸಮುದ್ರ ನೆನಪಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ನಮ್ಮ ದಿನ ಕತ್ತಲಿರುವಾಗಲೇ ಶುರುವಾಗುತ್ತದೆ.

ಐವತ್ತು ಅಡಿಯ ಬೋಟನ್ನು ಎರಡು ಅಗಲ ಪಟ್ಟಿಗಳಲ್ಲಿ ತೂಗಿ ನೀರಿಗಿಳಿಸುತ್ತಾರೆ. ಪಟ್ಟಿ ಸಡಿಲಿಸುವ ಮೊದಲು ಒಬ್ಬ ಟಾರ್ಚ್ ಹಿಡಿದು ತಳಕ್ಕಿಳಿದು, ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಸೋರುತ್ತಿದ್ದರೆ ಹಾಗೆಯೇ ಮೇಲೆತ್ತುತ್ತಾರೆ. ನೀರಿನಲ್ಲಿ ಒಂದು ದಿನ ಬಿಟ್ಟರೆ ಬೋಟಿನ ಮೈ ಕೂದಲೆಳೆಯಷ್ಟು ಆಕಾರ ಬದಲಿಸುತ್ತದೆ. ಆಮೇಲೆ ಎಂಜಿನ್ನಿಗೂ ಶಾಫ್ಟಿಗೂ ಇರುವ ನೇರವನ್ನು ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿ ಮತ್ತೆ ನೋಡಬೇಕು. ನೆಲದ ಮೇಲೆ ಸರಿಯಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮೇಲೆ ಹತ್ತುವಾಗ ಚಪ್ಪಲಿ ದಡದಲ್ಲೇ ಬಿಡಬೇಕು, ತೇಗದ ಹಲಗೆ ಕಲೆಯಾಗಬಾರದು. ಇದನ್ನು ಬೇರೆಯವರಿಗೆ ವಾರಗಟ್ಟಲೆ ಹೇಳಿಕೊಡುತ್ತಾರೆ. ನಮಗೆ ಹೇಳಬೇಕೇ?

ಆಯಿಲ್, ಕೂಲೆಂಟ್, ಬೆಲ್ಟ್, ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರು, ಇವೆಲ್ಲ ನಿನಗೆ ಗೊತ್ತಿರುವುದೇ. ಹೊಸದೆಂದರೆ ಸಮುದ್ರದ ನೀರಿನ ದಾರಿ. ಟ್ರ್ಯಾಕ್ಟರಿಗೆ ರೇಡಿಯೇಟರ್‌ನಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಉಪ್ಪುನೀರು ಮಾಡುತ್ತದೆ. ಬೋಟಿನ ತಳದಲ್ಲಿ ಒಂದು ತೂತು, ಅದಕ್ಕೊಂದು ವಾಲ್ವ್, ಅದನ್ನು ಸೀ ಕಾಕ್ ಎನ್ನುತ್ತಾರೆ. ಅದರಾಚೆ ಕಸ ಹಿಡಿಯುವ ಸ್ಟ್ರೇನರ್, ಅದರಾಚೆ ನೀರೆಳೆಯುವ ರಬ್ಬರ್ ರೆಕ್ಕೆಗಳ ಚಕ್ರ, ಇಂಪೆಲ್ಲರ್. ಎಳೆದ ನೀರು ಎಂಜಿನ್ನನ್ನು ತಣಿಸಿ ಹೊಗೆಯ ಜೊತೆ ಹಿಂದಿನಿಂದ ಹೊರಬೀಳುತ್ತದೆ. ನಮ್ಮಪ್ಪ ಹಿರಿಯೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಫೋನಿನಲ್ಲಿ ಇದನ್ನು ವಿವರಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಅಷ್ಟು ನೀರು ಎಳೆದು ಯಾವ ಗಿಡಕ್ಕೂ ಬಿಡುವುದಿಲ್ಲವೇ?’ ಎಂದು ಕೇಳಿದ್ದರು.

ಆದರೆ ನನಗೆ ಈ ಕೆಲಸದಲ್ಲಿ ಮರ್ಯಾದೆ ತಂದುಕೊಟ್ಟದ್ದು ಅಪ್ಪನ ಪಂಪ್‌ಸೆಟ್ಟೇ. ಪಂಪಿನ ಶಾಫ್ಟ್ ಹೊರಬರುವ ಕಡೆ ನೀರು ತಡೆಯುವ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ರೈತರು ‘ಬಿಗಿ ಮಾಡು’ ಎಂದು ಹಟ ಹಿಡಿದರೆ ಅಪ್ಪ ಒಪ್ಪುತ್ತಿರಲಿಲ್ಲ. ತೊಟ್ಟು ಪೂರ್ತಿ ನಿಂತರೆ ಒಳಗೆ ಸುತ್ತಿದ ಡೋರಿ ಸುಟ್ಟು ಶಾಫ್ಟನ್ನೇ ತಿನ್ನುತ್ತದೆ. ಹಳೆಯ ಬೋಟಿನಲ್ಲಿ ಶಾಫ್ಟ್ ಹೊರಹೋಗುವ ಕಡೆಯೂ ಅದೇ ಗ್ಲ್ಯಾಂಡ್, ಅದೇ ಹೆಣೆದ ಡೋರಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ತೊಟ್ಟು ಬೀಳಬೇಕು. ನಾನು ಅಂಗೈ ಒಡ್ಡಿ ತೊಟ್ಟು ಎಣಿಸುತ್ತಾ ಗ್ಲ್ಯಾಂಡಿನ ಬಿಸಿ ನೋಡುತ್ತಿದ್ದರೆ, ‘ಎಲ್ಲಿ ಕಲಿತೆ?’ ಎಂದು ಹಿರಿಯರೊಬ್ಬರು ಕೇಳಿದ್ದರು. ಹಿರಿಯೂರು ಎಂದೆ. ಅದು ಯಾವ ಬಂದರು ಎಂದರು.

ಅಲೆತಡೆ ಗೋಡೆ ದಾಟುವವರೆಗೆ ನಿಧಾನ. ಎಂಜಿನ್ ಬಿಸಿಯೇರಿದ ಮೇಲೆ ನಿಮಿಷಕ್ಕೆ 1,200 ಸುತ್ತು, 1,500, 1,800, 2,100 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೇವೆ. ಪ್ರತಿ ಮೆಟ್ಟಿಲಿನಲ್ಲೂ ಕೆಲವು ನಿಮಿಷ ನಿಂತು ವೇಗ, ಉಷ್ಣತೆ, ಆಯಿಲ್ ಒತ್ತಡ ಬರೆದುಕೊಳ್ಳಬೇಕು. ಕೊನೆಗೆ ಥ್ರಾಟಲ್ ಪೂರ್ತಿ. 2,300 ಬರಬೇಕಾದ ಎಂಜಿನ್ 2,100ರಲ್ಲೇ ತಿಣುಕಿ ಕಪ್ಪು ಹೊಗೆ ಬಿಟ್ಟರೆ ಅದಕ್ಕೆ ಹೊರೆ ಹೆಚ್ಚಾಗಿದೆ ಎಂದರ್ಥ. ಪ್ರೊಪೆಲ್ಲರ್ ತಪ್ಪಿರಬಹುದು, ತಳ ಹೊಲಸಾಗಿರಬಹುದು, ಗಾಳಿ ಸಾಲದೆ ಇರಬಹುದು. ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಹಿಂದಕ್ಕೆ ಓಡಿಸಿ, ಲಂಗರು ಇಳಿಸಿ ಎತ್ತಿ, ಮತ್ತೆ ತಳಕ್ಕಿಳಿದು ನೀರು ಸೇರಿದೆಯೇ ನೋಡಿ ಮರಳುತ್ತೇವೆ. ವರದಿಗೆ ಈಗ ನಾನೇ ಸಹಿ ಹಾಕುತ್ತೇನೆ. ಹೇಳಿಕೊಳ್ಳಬಾರದು, ಹೇಳಿಬಿಟ್ಟೆ.

ಈಗ ನಿಜವಾಗಿ ಹೇಳಬೇಕಾದದ್ದು. ನಾನು ಬಂದದ್ದು 2011ರ ಜುಲೈನಲ್ಲಿ, ಪೆಟ್ಟಿಗೆಯಲ್ಲಿ ಐದು ಕಿಲೋ ರಾಗಿ ಹಿಟ್ಟು. ವಿಮಾನ ನಿಲ್ದಾಣದ ಬಾಗಿಲು ತೆರೆದ ಕೂಡಲೇ ಕನ್ನಡಕ ಮಂಜಾಗಿ, ದುಬೈಯನ್ನು ಮೊದಲು ನೋಡಿದ್ದೇ ಅಂಗಿಯ ತುದಿಯಿಂದ ಒರೆಸಿಕೊಂಡು. ಮೂರು ತಿಂಗಳಾದ ಮೇಲೆ ನನ್ನ ಮೊದಲ ಟ್ರಯಲ್. ಎರಡು ಎಂಜಿನ್ ಇದ್ದ ಬೋಟ್. ಬಲಗಡೆಯ ಸೀ ಕಾಕ್ ತೆರೆದು ಎಡಗಡೆಗೆ ತಿರುಗುವಷ್ಟರಲ್ಲಿ ಮೇಲಿನಿಂದ ಕರೆದರು, ಏನೋ ಎತ್ತಿಕೊಡಲು ಹೋದೆ. ಹಿರಿಯ ಮೆಕ್ಯಾನಿಕ್, ಕೇರಳದವರು, ‘ಎರಡೂ ತೆರೆದಿದ್ದೀಯಾ?’ ಎಂದು ಕೇಳಿದರು. ನಾನು ತಲೆಯಾಡಿಸಿ ‘ಹೂಂ’ ಎಂದೆ.

ಆ ‘ಹೂಂ’ ಎಂಥದ್ದು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರು ಕೇಳಿದರೆ ಮೊದಲು ಹೂಂ ಎನ್ನುತ್ತೇವೆ, ಆಮೇಲೆ ಓಡಿಹೋಗಿ ಮಾಡುತ್ತೇವೆ. ಯಾರದಾದರೂ ಮನೆಗೆ ಹೋದಾಗ ‘ಊಟ ಆಯಿತಾ?’ ಎಂದರೆ ಹಸಿದ ಹೊಟ್ಟೆಯಲ್ಲೇ ‘ಆಯಿತು’ ಎನ್ನುತ್ತೇವಲ್ಲ, ಅದೇ. ಸುಳ್ಳು ಹೇಳುತ್ತಿದ್ದೇವೆ ಎಂದು ನಮಗೆ ಅನ್ನಿಸುವುದೇ ಇಲ್ಲ.

ಓಡಿಹೋಗಿ ತೆರೆಯುವಷ್ಟು ಸಮಯ ಸಿಗಲಿಲ್ಲ. ಎರಡೂ ಎಂಜಿನ್ ಶುರುವಾದವು. ಹಿಂದೆ ಬಲಗಡೆಯ ಕೊಳವೆಯಿಂದ ನೀರು ಗುಳುಗುಳು ಎಂದು ಚಿಮ್ಮುತ್ತಿದೆ. ಎಡಗಡೆಯದರಿಂದ ಬರೀ ಒಣ ಹೊಗೆ, ಸದ್ದು ಒರಟು. ಸೀ ಕಾಕಿನ ಹಿಡಿ ಕೊಳವೆಗೆ ಅಡ್ಡವಾಗಿದ್ದರೆ ವಾಲ್ವ್ ಮುಚ್ಚಿದೆ ಎಂದು, ಉದ್ದಕ್ಕಿದ್ದರೆ ತೆರೆದಿದೆ ಎಂದು. ಅಡ್ಡವಾಗಿ ನಿಂತಿದ್ದ ಆ ಕೆಂಪು ಹಿಡಿ ಇವತ್ತಿಗೂ ಕಣ್ಣ ಮುಂದಿದೆ. ಎಂಜಿನ್ ನಿಲ್ಲಿಸಿ ಬಿಚ್ಚಿದಾಗ ಇಂಪೆಲ್ಲರಿನ ಆರು ರೆಕ್ಕೆಗಳಲ್ಲಿ ಒಂದೂ ಉಳಿದಿರಲಿಲ್ಲ. ನೀರಿಲ್ಲದೆ ತಿರುಗಿದರೆ ರಬ್ಬರ್ ಕ್ಷಣದಲ್ಲಿ ಸುಡುತ್ತದೆ. ಚೂರುಗಳು ಮುಂದಿನ ಕೊಳವೆಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ಎಲ್ಲವನ್ನೂ ಹುಡುಕಿ ತೆಗೆದು ಜೋಡಿಸಿ ರೆಕ್ಕೆಯ ಲೆಕ್ಕ ಒಪ್ಪಿಸಬೇಕು. ನಾಲ್ಕು ರೆಕ್ಕೆ ಸಂಜೆಯೊಳಗೆ ಸಿಕ್ಕವು, ಇನ್ನೆರಡಕ್ಕೆ ಮರುದಿನ ಮಧ್ಯಾಹ್ನವಾಯಿತು.

ಆ ಹಿರಿಯ ಮೆಕ್ಯಾನಿಕ್ ಬೈಯಲಿಲ್ಲ. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆನೇನೋ. ಮಾರನೆಯ ದಿನದಿಂದ ನನ್ನನ್ನು ಏನೂ ಕೇಳುವುದನ್ನೇ ಬಿಟ್ಟರು. ನಾನು ಮಾಡಿದ ಪ್ರತಿ ಕೆಲಸವನ್ನೂ ತಾವೇ ಮಂಡಿಯೂರಿ ಬಗ್ಗಿ ನೋಡುತ್ತಿದ್ದರು, ನಾನು ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದೆ. ಮೂರು ತಿಂಗಳು ಹೀಗೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಕೆಳಗಿನಿಂದಲೇ ‘ಸ್ಟ್ರೇನರ್?’ ಎಂದು ಕೇಳಿದರು. ‘ಇನ್ನೂ ನೋಡಿಲ್ಲ, ನೋಡಿ ಹೇಳುತ್ತೇನೆ’ ಎಂದೆ. ‘ಸರಿ’ ಎಂದರು, ಎದ್ದು ಬರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಜೆಲ್ಲಿ ಮೀನು ಗಂಜಿಯಂತೆ ತುಂಬಿಕೊಂಡಿತ್ತು.

ಕೆಲಸದಲ್ಲಿ ಬಿಟ್ಟ ಅಭ್ಯಾಸವನ್ನು ಫೋನಿನಲ್ಲಿ ಬಿಡಲಾಗಲಿಲ್ಲ ನೋಡು. ಹಿರಿಯೂರಿನ ಹತ್ತಿರದ ನಮ್ಮ ಮಾರಿಕಣಿವೆಯ, ವಾಣಿವಿಲಾಸ ಸಾಗರದ, ಕತೆ ನಿನಗೆ ಗೊತ್ತು. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, ಕೋಡಿ ಬಿದ್ದದ್ದು 1933ರಲ್ಲಿ ಒಂದೇ ಸಲ. ತಾತ ನೋಡಿದ್ದರು, ಅಪ್ಪ ತಾತನ ಬಾಯಿಂದ ಕೇಳಿದ್ದರು. 89 ವರ್ಷ ಕಳೆದು 2022ರ ಸೆಪ್ಟೆಂಬರ್‌ನಲ್ಲಿ 130 ಅಡಿ ತುಂಬಿ ಮತ್ತೆ ಕೋಡಿ ಬಿತ್ತು. ಅಪ್ಪ ಫೋನ್ ಮಾಡಿ, ‘ಬಾರೋ, ಇಬ್ಬರೂ ಹೋಗಿ ನೋಡೋಣ’ ಎಂದರು. ಯಾರ್ಡಿನಲ್ಲಿ ಹನ್ನೊಂದು ಬೋಟ್ ಇಳಿಸುವುದು ಬಾಕಿಯಿತ್ತು. ರಜೆ ಕೇಳಿಯೂ ಇರಲಿಲ್ಲ. ‘ಹೂಂ ಅಪ್ಪ, ಬರುತ್ತೇನೆ’ ಎಂದೆ.

ಓಣಿಯವರೆಲ್ಲ ಟೆಂಪೋ ಮಾಡಿಕೊಂಡು ಹೋಗುವಾಗ ಕರೆದರಂತೆ. ಮಗ ಬರುತ್ತಾನೆ, ಅವನ ಜೊತೆ ಹೋಗುತ್ತೇನೆ ಎಂದರಂತೆ. ಪ್ರತಿ ಭಾನುವಾರವೂ ನಾನು ‘ಮುಂದಿನ ವಾರ ಕೇಳುತ್ತೇನೆ’ ಎಂದೆ. ಅವರು ತಮ್ಮ ಎದೆನೋವಿನ ಬಗ್ಗೆ ‘ಏನಿಲ್ಲ, ಆರಾಮ’ ಎಂದರು. ನವೆಂಬರ್‌ನಲ್ಲಿ ನಾನು ಊರಿಗೆ ಹೋದದ್ದು ಮಣ್ಣಿಗೆ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ರಜೆ ಹಾಕಿ ಹೋಗಿ ಅವ್ವನನ್ನು ಕರೆದುಕೊಂಡು ಹೋದೆ. ಜಾತ್ರೆಯಂತೆ ಜನ, ಮಂಡಕ್ಕಿ ಮಿರ್ಚಿಯ ಗಾಡಿಗಳು. ಅವಳು ಕಣಿವೆ ಮಾರಮ್ಮನಿಗೆ ಕೈಮುಗಿದು, ನೀರನ್ನು ಐದು ನಿಮಿಷ ನೋಡಿ, ‘ನಡೆ, ಹೋಗೋಣ’ ಎಂದಳು.

ನೀನು ಬರುವುದಿದ್ದರೆ ಸೆಪ್ಟೆಂಬರ್ ಒಳಗೆ ಬಾ, ಇಳಿಸುವ ಕೆಲಸ ಕಣ್ಣಾರೆ ನೋಡಲು ಸಿಗುತ್ತದೆ. ಹತ್ತಿ ಬಟ್ಟೆ ತಾ, ಶೇಂಗಾ ಚಟ್ನಿಪುಡಿ ತಾ, ಹೊಸ ಸ್ಪ್ಯಾನರ್ ಸೆಟ್‌ಗೆ ದುಡ್ಡು ಹಾಕಬೇಡ, ಇಲ್ಲಿ ಕೊಡುತ್ತಾರೆ. ಸಮಯ ಇಲ್ಲಿ ಒಂದೂವರೆ ಗಂಟೆ ಹಿಂದೆ, ರಾತ್ರಿ ಮನೆಗೆ ಫೋನ್ ಮಾಡುವಾಗ ಅಲ್ಲಿ ಮಲಗಿರುತ್ತಾರೆ ಎಂಬುದು ನೆನಪಿರಲಿ.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಹಿರಿಯೂರಿನಲ್ಲಿ ಇಳಿದು ನಮ್ಮ ಮನೆಗೆ ಹೋಗಿ ಬಾ, ವಿಳಾಸವನ್ನು ಅತ್ತಿಗೆ ಕೊಡುತ್ತಾರೆ. ಅವ್ವ ಬಾಗಿಲಲ್ಲೇ ‘ಊಟ ಆಯಿತಾ?’ ಎಂದು ಕೇಳುತ್ತಾಳೆ. ಆಗಿರದಿದ್ದರೆ ಆಗಿಲ್ಲ ಎಂದೇ ಹೇಳು. ಒಬ್ಬಳಿಗೇ ಎಂದು ಅವಳು ಮುದ್ದೆ ತಿರುವುವುದನ್ನೇ ಬಿಟ್ಟಿದ್ದಾಳೆ.