ಹೆಸರಿಲ್ಲದ ಆಟಗಾರನ ರೂಕಿ ಕಾರ್ಡಿಗೆ ಬೆಲೆ ಬರುತ್ತಾ?

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಒಂದು ಗರಾಜ್ ಸೇಲ್‌ನಲ್ಲಿ ಶೂ ಡಬ್ಬದ ತುಂಬ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡ್ ಸಿಕ್ಕವು. ಎಲ್ಲಾ 1987ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ ಕಾರ್ಡ್, ಮರದ ಹಲಗೆಯಂಥ ಅಂಚು. ಆಟಗಾರರ ಮೊದಲ ವರ್ಷದ ರೂಕಿ ಕಾರ್ಡ್ ಬಹಳ ಇವೆ, ಆದರೆ ಹೆಸರು ಕೇಳಿದವರಿಲ್ಲ. ಇಟ್ಟುಕೊಂಡರೆ ಮುಂದೆ ಬೆಲೆ ಬರುತ್ತಾ?

ಉತ್ತರ: ಇಲ್ಲ. ನಿಮ್ಮ ಡಬ್ಬದ ತೊಂದರೆ ಇರುವುದು ಆ ವರ್ಷದಲ್ಲೇ. ಹಳೆ ಕಾರ್ಡಿಗೆ ದುಡ್ಡು ಬರುವುದನ್ನು ನೋಡಿ ಆಗ ಜನ ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿದರು, ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರ ಮನೆಯಲ್ಲೂ ಇರುವುದನ್ನು ಯಾರು ಕೊಳ್ಳುತ್ತಾರೆ, ಅಲ್ವಾ? ಮುಂದೆ ದೊಡ್ಡ ತಾರೆಗಳಾದ ಬ್ಯಾರಿ ಬಾಂಡ್ಸ್, ಬ್ಯಾರಿ ಲಾರ್ಕಿನ್ ಸಿಕ್ಕರೆ ಬೇರೆ ಎತ್ತಿಡಿ. ಅವಕ್ಕೂ ಜಾಸ್ತಿ ಆಸೆ ಬೇಡ.

ಹೆಸರಿಲ್ಲದವನ ರೂಕಿ ಕಾರ್ಡ್ ದುಬಾರಿಯಾಗುವುದು ಹೆಚ್ಚಾಗಿ ಜೊತೆಗಾರನಿಂದ. 1967ರ ಟಾಪ್ಸ್‌ನ 581ನೇ ಕಾರ್ಡ್ ನೋಡಿ. ಒಂದೇ ಕಾರ್ಡಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಇಬ್ಬರು ಹೊಸ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು. ಒಬ್ಬ ಟಾಮ್ ಸೀವರ್, ಮುಂದೆ 311 ಪಂದ್ಯ ಗೆದ್ದು ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವನು. ಇನ್ನೊಬ್ಬ ಬಿಲ್ ಡೆನೆಹಿ. ಅವನು ಗೆದ್ದಿದ್ದು ಒಂದು, ಸೋತಿದ್ದು ಹತ್ತು. ಗಿಲ್ ಹಾಜಸ್ ಅವರನ್ನು ಮ್ಯಾನೇಜರ್ ಮಾಡಿಕೊಳ್ಳಲು ಮೆಟ್ಸ್‌ನವರು ಡೆನೆಹಿಯ ಜೊತೆ 1 ಲಕ್ಷ ಡಾಲರ್ ಸೇರಿಸಿ ವಾಷಿಂಗ್ಟನ್ ತಂಡಕ್ಕೆ ಕೊಟ್ಟುಬಿಟ್ಟರು. ಆ ಕಾರ್ಡಿಗೆ ಇವತ್ತು ಒಳ್ಳೆ ಬೆಲೆಯಿದೆ, ಆದರೆ ಕೊಳ್ಳುವವರೆಲ್ಲ ಅದನ್ನು ಸೀವರ್ ಕಾರ್ಡ್ ಅಂತಲೇ ಕರೆಯುತ್ತಾರೆ. ನನಗೆ ಡೆನೆಹಿಯ ಮುಖ ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಕಾರ್ಡ್ ದುಬಾರಿಯಾಗಲು ಇನ್ನೊಂದು ಕಾರಣ ಅದರ ಸ್ಥಿತಿ. 1952ರ ಟಾಪ್ಸ್‌ನ 1ನೇ ಕಾರ್ಡ್ ಆಂಡಿ ಪಾಫ್ಕೋನದು. ಅದು ರೂಕಿ ಕಾರ್ಡಲ್ಲ, ಅವನು ಆ ಕಾಲದ ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನಷ್ಟು ದೊಡ್ಡ ತಾರೆಯೂ ಅಲ್ಲ. ಆದರೆ ಹುಡುಗರು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು, ಮೇಲಿನ ಕಾರ್ಡಿನ ಅಂಚು ಸೀಳಿ ಹೋಗುತ್ತಿತ್ತು. ಹಾಗಾಗಿ ಅಂಚು ನೆಟ್ಟಗಿರುವ ಪಾಫ್ಕೋ ಕಾರ್ಡ್ ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ.

ನಿಮ್ಮ ಕಾರ್ಡ್‌ಗಳನ್ನು ಗ್ರೇಡಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ಸ್ಥಿತಿಗೆ ಅಂಕ ಹಾಕಿಸುವುದಕ್ಕೆ, ಕಳಿಸಬೇಡಿ, ಅದರ ಖರ್ಚೇ ಕಾರ್ಡಿನ ಬೆಲೆಗಿಂತ ಜಾಸ್ತಿ. ಅದರ ಬದಲು ನಿವೃತ್ತ ಆಟಗಾರರಿಗೆ ಕಾರ್ಡ್ ಕಳಿಸಿ ಸಹಿ ಕೇಳಿ, ಜೊತೆಗೆ ಸ್ಟಾಂಪ್ ಹಚ್ಚಿ ನಿಮ್ಮ ವಿಳಾಸ ಬರೆದ ಕವರ್ ಇಡಿ. ತುಂಬ ಜನ ಸಂಗ್ರಹಕಾರರು ಹೀಗೆ ಮಾಡುತ್ತಾರೆ. ಹೆಸರು ಮಾಡದವರಲ್ಲಿ ಎಷ್ಟೋ ಜನ ಪ್ರೀತಿಯಿಂದ ಸಹಿ ಹಾಕಿ ಕಳಿಸುತ್ತಾರೆ. ಹಾಂ, ಡಬ್ಬದಲ್ಲಿ ರಬ್ಬರ್ ಬ್ಯಾಂಡ್ ಇದ್ದರೆ ಇವತ್ತೇ ತೆಗೆದುಬಿಡಿ.