ಅಂಕ ಬಂದವು, ಮಾತು ಬರಲಿಲ್ಲ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಭಾಷೆಯ ಹೆಸರನ್ನೂ ಹೇಳುವುದಿಲ್ಲ.

ನನ್ನ ಹತ್ತಿರ ಸಲಹೆ ಕೇಳಿ ಬಂದ ಮಹಿಳೆಗೆ 36 ವರ್ಷ. ಗಂಡನ ಮನೆಯ ಭಾಷೆ ಕಲಿಯಲು ಎರಡು ವರ್ಷದಿಂದ ಹೆಣಗುತ್ತಿದ್ದರು. ಓದಿದರೆ ಅರ್ಥವಾಗುತ್ತಿತ್ತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬರುತ್ತಿತ್ತು. ಊಟಕ್ಕೆ ಎಲ್ಲರೂ ಕೂತಾಗ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. "ನನ್ನ ತಲೆಗೆ ಭಾಷೆ ಹತ್ತಲ್ಲ ಮೇಡಂ" ಎಂದರು. ನಾನು ಒಪ್ಪಲಿಲ್ಲ.

ಯಾಕೆ ಕಲಿಯುತ್ತಿದ್ದೀರಿ ಎಂದು ಕೇಳಿದೆ. "ಕಲೀಲೇಬೇಕಲ್ವಾ? ಇಲ್ಲದಿದ್ದರೆ ಮನೆಯವರು ಏನಂದುಕೊಳ್ತಾರೆ?" ಅವರ ಮಾತೆಲ್ಲ 'ಬೇಕು' ಎಂದೇ ಮುಗಿಯುತ್ತಿತ್ತು. 'ಇಷ್ಟ' ಅನ್ನುವ ಪದ ಒಮ್ಮೆಯೂ ಬರಲಿಲ್ಲ.

ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಗಾರ್ಡ್‌ನರ್ ಮತ್ತು ವ್ಯಾಲೆಸ್ ಲ್ಯಾಂಬರ್ಟ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಶಾಲಾ ಮಕ್ಕಳ ಬಗ್ಗೆ 1959ರಲ್ಲೇ ಬರೆದಿದ್ದರು. ಭಾಷೆ ಕಲಿಯುವ ಜಾಣತನ ಒಂದೇ ಸಾಲದು, ಅದನ್ನಾಡುವ ಜನರ ಬಗ್ಗೆ ನಮಗಿರುವ ಭಾವನೆಯೂ ಕಲಿಕೆಯಲ್ಲಿ ಸೇರುತ್ತದೆ ಎಂದು. ಹಾಗಾಗಿ ಕೇಳಿದೆ: "ಆ ಮನೆಯವರನ್ನು ಕಂಡರೆ ನಿಮಗೆ ಹೇಗನಿಸುತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಮದುವೆಯಾದ ಹೊಸದರಲ್ಲಿ ಒಂದು ಪದವನ್ನು ತಪ್ಪಾಗಿ ಹೇಳಿದ್ದರಂತೆ. ಎಲ್ಲರೂ ನಕ್ಕರು. ಮೈದುನ ಇವತ್ತಿಗೂ ನಾಲ್ಕು ಜನ ಸೇರಿದಾಗಲೆಲ್ಲ ಅದನ್ನೇ ಆಡಿ ತೋರಿಸುತ್ತಾನೆ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಕಲಿಯುವವರನ್ನು ಅಣಕಿಸುವವರಿಗೆ ಅದು ಒಂದು ನಿಮಿಷದ ತಮಾಷೆ. ಅದರಿಂದ ಮುಚ್ಚಿದ ಬಾಯನ್ನು ಮತ್ತೆ ತೆರೆಸುವ ಕಷ್ಟವನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ತರಗತಿಗೆ ಸೇರಬೇಡಿ ಎಂದೆ. ಅವರ ಗಂಡನನ್ನು ಕರೆಸಿ, ಆ ಅಣಕ ನಿಲ್ಲಿಸುವ ಹೊಣೆ ನಿಮ್ಮದು, ಹೆಂಡತಿಯದಲ್ಲ ಎಂದು ನೇರವಾಗಿಯೇ ಹೇಳಿದೆ.

ಆಮೇಲೆ ಅವರಿಗೊಂದು ಕೆಲಸ ಕೊಟ್ಟೆ. ಕಣ್ಣು ಮುಚ್ಚಿ. ಆ ಭಾಷೆಯಲ್ಲಿ ನೀವು ಆರಾಮಾಗಿ ಮಾತಾಡುತ್ತಿದ್ದೀರಿ. ಎದುರಿಗೆ ಯಾರಿದ್ದಾರೆ? ಬೇರೆಯವರಿಗಾಗಿ ಆಗಬೇಕಾದ 'ನಾನು', ನಾನೇ ಆಗಬಯಸುವ 'ನಾನು' ಎಂದು ಭಾಷಾ ಕಲಿಕೆಯ ಸಂಶೋಧಕ ಝೋಲ್ಟಾನ್ ಡೋರ್ನ್ಯೇಯ್ ಎರಡನ್ನು ಬೇರೆ ಮಾಡಿ ತೋರಿಸಿದ್ದಾರೆ. ಇವರಲ್ಲಿ ಎರಡನೆಯದು ಇದೆಯೇ ಎಂದು ನೋಡಬೇಕಿತ್ತು.

"ಗಂಡನ ಅಜ್ಜಿ" ಎಂದರು, ತಕ್ಷಣ. ಅಜ್ಜಿಗೆ ಕಿವಿ ಮಂದ. ಯಾರೇ ಮಾತಾಡಿದರೂ ಎರಡು ಸಲ ಹೇಳಿಸುತ್ತಾರೆ. ಅಲ್ಲಿ ಮತ್ತೆ ಹೇಳುವುದು ಅವಮಾನವೇ ಅಲ್ಲ! ದಿನಕ್ಕೆ ಹತ್ತು ನಿಮಿಷ ಅವರ ಹತ್ತಿರ ಕೂತು ಹಳೆಯ ದಿನಗಳ ಬಗ್ಗೆ ಕೇಳಿ, ವ್ಯಾಕರಣ ತಪ್ಪಿದರೆ ತಪ್ಪಲಿ ಎಂದೆ.

ಆರು ವಾರ ಬಿಟ್ಟು ಬಂದರು. ಊಟದ ಹೊತ್ತಿನಲ್ಲಿ ಈಗಲೂ ಮಾತು ಕಡಿಮೆಯೇ. ಅದಕ್ಕೆ ಅವಸರ ಬೇಡ ಎಂದೆ. ಆದರೆ ಅಜ್ಜಿ ತಮ್ಮ ಹುಡುಗಾಟದ ದಿನಗಳ ಒಂದು ಗುಟ್ಟು ಹೇಳಿದ್ದಾರಂತೆ. ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲವಂತೆ. ಅದೇನು ಅಂತ ನನಗೂ ಹೇಳಲಿಲ್ಲ.